ಅಂಕಿಅಂಶಗಳ ನಕ್ಷೆಗಳನ್ನು ಓದುವ ಬಗೆ: ಸಾರ್ವಜನಿಕರಿಗೆ ಮಾಹಿತಿ

ಜನಗಣತಿ ಪ್ರಕಟಣೆಗಳು, ವಾರ್ಷಿಕ ವರದಿಗಳು, ಜಿಲ್ಲಾ ಅಂಕಿಅಂಶಗಳ ನೋಟ ಮುಂತಾದವುಗಳಲ್ಲಿ ಕೋಷ್ಟಕಗಳ ಜೊತೆಗೆ ನಕ್ಷೆಗಳನ್ನೂ ನೀಡಲಾಗುತ್ತದೆ. ತಮ್ಮ ಗ್ರಾಮಕ್ಕೆ ಶಾಲೆ, ರಸ್ತೆ ಅಥವಾ ಕುಡಿಯುವ ನೀರಿನ ಸೌಲಭ್ಯ ಕೋರಿ ಮನವಿ ಸಲ್ಲಿಸುವ ನಾಗರಿಕರು ಇಂತಹ ನಕ್ಷೆಗಳನ್ನು ಆಧಾರವಾಗಿ ಲಗತ್ತಿಸುವುದುಂಟು. ನಕ್ಷೆಯನ್ನು ತಪ್ಪಾಗಿ ಗ್ರಹಿಸಿದಲ್ಲಿ ಮನವಿಯ ವಾದವೇ ದುರ್ಬಲವಾಗುವುದರಿಂದ ಈ ಕೆಳಗಿನ ವಿವರಣೆಯನ್ನು ನೀಡಲಾಗಿದೆ. ಉದಾಹರಣೆಗಳೆಲ್ಲವೂ ಕರ್ನಾಟಕದ ಜನಗಣತಿಯವು.

ಸ್ತಂಭ ನಕ್ಷೆ

ಬೇರೆ ಬೇರೆ ಸ್ಥಳಗಳನ್ನು ಅಥವಾ ವರ್ಗಗಳನ್ನು ಹೋಲಿಸಲು ಸ್ತಂಭ ನಕ್ಷೆಯು ಸೂಕ್ತ. 2011ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಸಾಕ್ಷರತೆ ಶೇ. 88.57, ಯಾದಗಿರಿಯದು ಶೇ. 51.83. ರಾಜ್ಯದ ಸರಾಸರಿಯಾದ ಶೇ. 75.36 ಎಂಬ ಒಂದೇ ಅಂಕಿಯಲ್ಲಿ ಮರೆಯಾಗುವ ಈ ಅಂತರವು ಅಕ್ಕಪಕ್ಕದ ಎರಡು ಸ್ತಂಭಗಳಲ್ಲಿ ಒಡನೆಯೇ ಗೋಚರಿಸುತ್ತದೆ.

ಆದರೆ ಲಂಬ ಅಕ್ಷವು ಸೊನ್ನೆಯಿಂದ ಆರಂಭವಾಗಿದೆಯೇ ಎಂಬುದನ್ನು ಮೊದಲು ನೋಡತಕ್ಕದ್ದು. ರಾಜ್ಯದ ಸಾಕ್ಷರತೆಯು 2001ರಲ್ಲಿ ಶೇ. 66.64 ಇದ್ದು 2011ರಲ್ಲಿ ಶೇ. 75.36 ಆಯಿತು. ಅಕ್ಷವನ್ನು 60ರಿಂದ ಆರಂಭಿಸಿ ಸ್ತಂಭಗಳನ್ನು ಬರೆದರೆ ಎರಡನೆಯದು ಮೊದಲನೆಯದರ ಎರಡು ಪಟ್ಟಿಗೂ ಮಿಗಿಲಾಗಿ ಕಾಣುತ್ತದೆ. ಅಂಕಿಗಳಲ್ಲಿ ಸುಳ್ಳಿಲ್ಲ, ಸುಳ್ಳಿರುವುದು ಸ್ತಂಭದ ಎತ್ತರದಲ್ಲಿ. ಇಂತಹ ನಕ್ಷೆಗಳು ಸರ್ಕಾರಿ ಪ್ರಕಟಣೆಗಳಲ್ಲಿಯೂ ನುಸುಳಿರುವುದುಂಟು ಎಂಬುದನ್ನು ಒಪ್ಪಿಕೊಳ್ಳಬೇಕು. ಸಾಕ್ಷರತೆಯನ್ನು 7 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಮಾತ್ರ ಲೆಕ್ಕ ಹಾಕಲಾಗುತ್ತದೆ ಎಂಬ ಅಡಿಟಿಪ್ಪಣಿಯನ್ನೂ ಗಮನಿಸುವುದು.

ರೇಖಾ ನಕ್ಷೆ

ಕಾಲಕ್ರಮದಲ್ಲಿನ ಏರಿಳಿತವನ್ನು ತೋರಿಸಲು ರೇಖಾ ನಕ್ಷೆಯನ್ನು ಬಳಸಲಾಗುತ್ತದೆ. ಸಾರ್ವಜನಿಕರಲ್ಲಿ ಹೆಚ್ಚು ಗೊಂದಲ ಉಂಟಾಗುವುದು ಇಲ್ಲಿಯೇ. ರಾಜ್ಯದ ಜನಸಂಖ್ಯೆಯು 1991ರಲ್ಲಿ 4.50 ಕೋಟಿ, 2001ರಲ್ಲಿ 5.29 ಕೋಟಿ, 2011ರಲ್ಲಿ 6.11 ಕೋಟಿ, ರೇಖೆ ಮೇಲೇರುತ್ತಲೇ ಇದೆ. ಅದೇ ಅವಧಿಯ ದಶವಾರ್ಷಿಕ ಬೆಳವಣಿಗೆ ದರದ ನಕ್ಷೆಯಲ್ಲಿ ಶೇ. 21.12, ಶೇ. 17.51, ಶೇ. 15.60 ಎಂದು ರೇಖೆ ಇಳಿಯುತ್ತದೆ. ಎರಡರಲ್ಲಿ ಒಂದು ತಪ್ಪಿರಬೇಕೆಂದು ಭಾವಿಸಬಾರದು. ಮೊದಲನೆಯದು ಎಷ್ಟು ಜನರಿದ್ದಾರೆ ಎಂಬುದನ್ನೂ ಎರಡನೆಯದು ಎಷ್ಟು ವೇಗವಾಗಿ ಹೆಚ್ಚುತ್ತಿದ್ದಾರೆ ಎಂಬುದನ್ನೂ ತಿಳಿಸುತ್ತವೆ.

ರೇಖೆಯು ಹಠಾತ್ತನೆ ಕುಸಿದಿದ್ದರೆ ಗಡಿ ಬದಲಾಗಿದೆಯೇ ಎಂದು ಪರಿಶೀಲಿಸಬೇಕು. ಗುಲಬರ್ಗಾ ಜಿಲ್ಲೆಯ ಜನಸಂಖ್ಯೆಯು 2001ರಲ್ಲಿ 31.3 ಲಕ್ಷವಿದ್ದು 2011ರಲ್ಲಿ 25.7 ಲಕ್ಷವಾಯಿತು. ಜನರು ಊರು ಬಿಟ್ಟು ಹೋದದ್ದರಿಂದ ಹೀಗಾದದ್ದಲ್ಲ. 2009ರ ಡಿಸೆಂಬರ್‌ನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು; ಅದರ 11.7 ಲಕ್ಷವನ್ನು ಸೇರಿಸಿದರೆ ಒಟ್ಟು 37.4 ಲಕ್ಷವಾಗುತ್ತದೆ. ತಾಲ್ಲೂಕು ಪುನರ್‌ವಿಂಗಡಣೆಯಾದ ಪ್ರದೇಶಗಳ ನಿವಾಸಿಗಳು ಈ ಅಂಶವನ್ನು ವಿಶೇಷವಾಗಿ ಗಮನಿಸುವುದು.

2021ರ ಜನಗಣತಿಯು ಮುಂದೂಡಲ್ಪಟ್ಟದ್ದರಿಂದ, 2011ರ ಅನಂತರದ ಅನೇಕ ಜನಸಂಖ್ಯಾ ನಕ್ಷೆಗಳಲ್ಲಿರುವುದು ಎಣಿಕೆಯಲ್ಲ, ಅಂದಾಜು. ಅಂದಾಜನ್ನು ಸಾಮಾನ್ಯವಾಗಿ ಚುಕ್ಕಿಗೆರೆಯಿಂದ ತೋರಿಸಲಾಗುತ್ತದೆ.

ಮಗುವಿನ ಬೆಳವಣಿಗೆ ನಕ್ಷೆ

ಅಂಗನವಾಡಿಯಲ್ಲಿ ತೂಕವನ್ನು ಗುರುತಿಸುವ ನಕ್ಷೆಯೂ ರೇಖಾ ನಕ್ಷೆಯೇ. ತಾಯಿ ಕಾರ್ಡ್ ಎಂದು ರೂಢಿಯಲ್ಲಿ ಕರೆಯುವ ಪುಸ್ತಿಕೆಯಲ್ಲಿ ಇದು ಮುದ್ರಿತವಾಗಿರುತ್ತದೆ. ಅಡ್ಡ ಅಕ್ಷದಲ್ಲಿ ವಯಸ್ಸು ತಿಂಗಳುಗಳಲ್ಲಿ, ಲಂಬ ಅಕ್ಷದಲ್ಲಿ ತೂಕ ಕಿಲೋಗ್ರಾಂಗಳಲ್ಲಿ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಮಾನದಂಡಗಳನ್ನು ಆಧರಿಸಿದ್ದು, ಗಂಡು ಮತ್ತು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ನಕ್ಷೆಗಳಿವೆ. ಹಸಿರು ಪಟ್ಟಿಯು ಸಾಮಾನ್ಯ ತೂಕವನ್ನು, ಹಳದಿಯು ಕಡಿಮೆ ತೂಕವನ್ನು, ಕಿತ್ತಳೆಯು ತೀವ್ರ ಕಡಿಮೆ ತೂಕವನ್ನು ಸೂಚಿಸುತ್ತದೆ.

ಪೋಷಕರು ಬಣ್ಣವನ್ನಷ್ಟೇ ನೋಡಿ ಸಮಾಧಾನಪಟ್ಟುಕೊಳ್ಳಬಾರದು. ಚುಕ್ಕಿಗಳನ್ನು ಸೇರಿಸುವ ಗೆರೆಯ ದಿಕ್ಕು ಅಷ್ಟೇ ಮುಖ್ಯ. ಹಸಿರು ಪಟ್ಟಿಯೊಳಗೇ ಇದ್ದರೂ ಗೆರೆಯು ಎರಡು ಮೂರು ತಿಂಗಳಿನಿಂದ ಮಟ್ಟಸವಾಗಿದ್ದರೆ ಮಗುವಿನ ತೂಕ ಏರುತ್ತಿಲ್ಲವೆಂದು ಅರ್ಥ. ಗೆರೆ ಕೆಳಮುಖವಾಗಿದ್ದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸುವುದು. ಹಳದಿ ಪಟ್ಟಿಯಲ್ಲಿದ್ದೂ ಗೆರೆ ಮೇಲ್ಮುಖವಾಗಿರುವ ಮಗು ಚೇತರಿಸಿಕೊಳ್ಳುತ್ತಿರುವ ಮಗು. ಪ್ರತಿ ಸಲ ತೂಕ ಮಾಡಿಸಿದಾಗ ಚುಕ್ಕಿಯನ್ನು ತಮ್ಮ ಎದುರಿನಲ್ಲಿಯೇ ಗುರುತಿಸುವಂತೆ ಪೋಷಕರು ಕೋರಬಹುದು.

ವೃತ್ತ ನಕ್ಷೆ

ಒಂದು ಮೊತ್ತದ ಪಾಲುಗಳನ್ನು ತೋರಿಸುವ ಇದಕ್ಕೆ ಪೈ ನಕ್ಷೆ ಎಂಬ ಹೆಸರೂ ಇದೆ. ಪಾಲುಗಳೆಲ್ಲ ಕೂಡಿದಾಗ 100 ಆಗಲೇಬೇಕು. ದಶಮಾಂಶಗಳನ್ನು ಸರಿಹೊಂದಿಸಿದ್ದರಿಂದ ಅತ್ಯಲ್ಪ ವ್ಯತ್ಯಾಸ ಬರಬಹುದು. 2011ರಲ್ಲಿ ರಾಜ್ಯದ ಶೇ. 38.67 ಜನರು ನಗರವಾಸಿಗಳು, ಅಂದರೆ 360 ಡಿಗ್ರಿಯಲ್ಲಿ ಸುಮಾರು 139 ಡಿಗ್ರಿ. ಐದಾರಕ್ಕಿಂತ ಹೆಚ್ಚು ಪಾಲುಗಳಿದ್ದರೆ ಕಣ್ಣಿಗೆ ಅಂದಾಜು ಸಿಗುವುದಿಲ್ಲ; ಅಂತಹ ಸಂದರ್ಭದಲ್ಲಿ ಕೋಷ್ಟಕವೇ ಮೇಲು.

ಹಿಸ್ಟೋಗ್ರಾಂ

ನೋಡಲು ಸ್ತಂಭ ನಕ್ಷೆಯಂತಿದ್ದರೂ ಇಲ್ಲಿ ಸ್ತಂಭಗಳ ನಡುವೆ ಅಂತರವಿರುವುದಿಲ್ಲ. ವಯಸ್ಸು, ಆದಾಯ, ಹಿಡುವಳಿಯ ವಿಸ್ತೀರ್ಣ ಮುಂತಾದ ನಿರಂತರ ಅಳತೆಗಳಿಗೆ ಇದು ಬಳಕೆಯಾಗುತ್ತದೆ. ಜನಗಣತಿಯ ವಯೋಮಾನವನ್ನು ವರ್ಷವಾರು ಬರೆದರೆ 30, 35, 40ರಲ್ಲಿ ಸ್ತಂಭಗಳು ಎದ್ದು ನಿಲ್ಲುತ್ತವೆ. ಆ ವರ್ಷಗಳಲ್ಲಿ ಜನನ ಹೆಚ್ಚಿತ್ತೆಂದಲ್ಲ. ಜನ್ಮದಿನಾಂಕ ನೆನಪಿಲ್ಲದವರು ಸುಮಾರಿನ ವಯಸ್ಸು ಹೇಳಿರುತ್ತಾರೆ.

ಮೂಲ ಅಂಕಿಗಳನ್ನು ಪಡೆಯುವುದು

ನಕ್ಷೆಯ ಬಗ್ಗೆ ಸಂದೇಹವಿದ್ದಲ್ಲಿ ಅದರ ಹಿಂದಿನ ಕೋಷ್ಟಕವನ್ನು ಕೋರುವುದು ನಾಗರಿಕರ ಹಕ್ಕು. ಪ್ರಕಟಣೆಯಲ್ಲಿ ಕೋಷ್ಟಕವಿಲ್ಲದಿದ್ದರೆ, ಮಾಹಿತಿ ಹಕ್ಕು ಅಧಿನಿಯಮ, 2005ರ 6ನೇ ಪ್ರಕರಣದಡಿ ಸಂಬಂಧಪಟ್ಟ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಅರ್ಜಿಯಲ್ಲಿ ಪ್ರಕಟಣೆಯ ಹೆಸರು, ವರ್ಷ, ಪುಟ ಮತ್ತು ನಕ್ಷೆಯ ಸಂಖ್ಯೆಯನ್ನು ನಮೂದಿಸಿದಲ್ಲಿ ಮಾಹಿತಿ ಹುಡುಕಲು ಅನುಕೂಲವಾಗುತ್ತದೆ.