ಕರಾವಳಿಯ ಹಳೆ ಸಾಮಾನಿನ ಪೇಟೆ: ವಸ್ತು, ಮನೆ ಮತ್ತು ನೆನಪಿನ ಪಲ್ಲಟ

ಜಾನಪದ ಅಧ್ಯಯನದಲ್ಲಿ ವಸ್ತು ಸಂಸ್ಕೃತಿಗೆ ದೊರೆತಿರುವ ಗಮನವು ಬಹುಮಟ್ಟಿಗೆ ವಸ್ತುವಿನ ಹುಟ್ಟಿಗೆ ಮತ್ತು ಬಳಕೆಗೆ ಸೀಮಿತವಾಗಿದೆ. ಮರದ ಪತ್ತಾಯವನ್ನು ಯಾರು ಮಾಡಿದರು, ಯಾವ ಮರದಿಂದ ಮಾಡಿದರು, ಅದರಲ್ಲಿ ಏನನ್ನು ತುಂಬಿಡುತ್ತಿದ್ದರು ಎಂಬ ಪ್ರಶ್ನೆಗಳನ್ನು ವಿದ್ವಾಂಸರು ಕೇಳಿದ್ದಾರೆ. ಅದೇ ಪತ್ತಾಯವು ಒಂದು ದಿನ ಮನೆಯ ಹೊಸ್ತಿಲು ದಾಟಿ ಮಾರಾಟದ ಸರಕಾದುದು ಏಕೆ, ಅದನ್ನು ಕೊಂಡವರು ಯಾರು, ಕೊಂಡಾಗ ಅದರೊಂದಿಗೆ ಬಂದುದೇನು, ಬಾರದೆ ಉಳಿದುದೇನು ಎಂಬ ಪ್ರಶ್ನೆಗಳಿಗೆ ಅಷ್ಟು ಮಹತ್ವ ದೊರೆತಿಲ್ಲ. ಇಂದಿನ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳನ್ನೊಳಗೊಂಡ ಕರಾವಳಿಯ ಹಳೆ ಸಾಮಾನಿನ ವಹಿವಾಟನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ವಹಿವಾಟು ಹಳೆಯದರ ಮೇಲಿನ ಮೋಹದಿಂದ ಹುಟ್ಟಿದುದಲ್ಲ. ಆಸ್ತಿಯ ಹಕ್ಕಿನಲ್ಲಾದ ಬದಲಾವಣೆಯಿಂದ ಹುಟ್ಟಿದುದು. ಆದುದರಿಂದಲೇ ಅದು ಕರಾವಳಿಯ ಸಾಮಾಜಿಕ ಇತಿಹಾಸಕ್ಕೆ ಒಂದು ಆಕರ. ಆದರೆ ಅದು ಓರೆಯಾದ ಆಕರ ಎಂಬುದನ್ನೂ ಗಮನಿಸಬೇಕಾಗುತ್ತದೆ.

ಮನೆ ಪಾಲಾದ ಕಾಲ

ತುಳುನಾಡಿನ ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿ ರೂಢಿಯಲ್ಲಿತ್ತು. ಆಸ್ತಿಯು ತಾಯಿಯ ಕಡೆಯಿಂದ ಹರಿದುಬರುತ್ತಿದ್ದ ಈ ಪದ್ಧತಿಯಲ್ಲಿ ಕುಟುಂಬದ ಒಬ್ಬ ಸದಸ್ಯ ತಾನಾಗಿ ಪಾಲು ಕೇಳುವಂತಿರಲಿಲ್ಲ. ಎಲ್ಲರೂ ಒಪ್ಪಿದರೆ ಮಾತ್ರ ವಿಭಜನೆ ಸಾಧ್ಯವಿತ್ತು. ಗುತ್ತು, ಬೀಡು, ಬರ್ಕೆಗಳೆಂದು ಕರೆಯಲಾಗುವ ದೊಡ್ಡ ಮನೆಗಳು ತಲೆಮಾರುಗಳ ಕಾಲ ಅಖಂಡವಾಗಿ ಉಳಿದುದಕ್ಕೆ ಈ ಕಟ್ಟಳೆಯೂ ಒಂದು ಕಾರಣ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯು ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ನೀಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಈ ಪ್ರಕ್ರಿಯೆಯನ್ನು ಮುಂದುವರಿಸಿತು. ಗದ್ದೆ ತೋಟಗಳನ್ನು ಅಳೆದು ಹಂಚಬಹುದು. ಚಾವಡಿಯನ್ನು ಹಂಚುವುದು ಹೇಗೆ? ಪಾಲುಪಟ್ಟಿಯಲ್ಲಿ ಮನೆ ಯಾರೋ ಒಬ್ಬರಿಗೆ ಹೋದರೂ ಅದರ ಹಂಡೆ, ಕೊಪ್ಪರಿಗೆ, ಮಂಚ, ಪೆಟ್ಟಿಗೆಗಳು ಹಲವು ಕಡೆಗೆ ಚದುರಿದವು. ಚಿಕ್ಕ ಮನೆಗೆ ಹೋದ ದೊಡ್ಡ ಪಾತ್ರೆ ಕಾಲಾಂತರದಲ್ಲಿ ಮಾರಾಟಕ್ಕೆ ಬರುವುದು ಸಹಜವೇ ಆಗಿತ್ತು.

ಎರಡನೆಯ ಘಟ್ಟ ಭೂಸುಧಾರಣೆಯದು. ಕರ್ನಾಟಕ ಭೂಸುಧಾರಣಾ ತಿದ್ದುಪಡಿ ಕಾಯಿದೆಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿದಾರರು ಭೂ ನ್ಯಾಯಮಂಡಳಿಗಳ ಮುಂದೆ ಅರ್ಜಿ ಸಲ್ಲಿಸಿ ತಾವು ಉಳುತ್ತಿದ್ದ ಭೂಮಿಯ ಒಡೆತನ ಪಡೆದರು. ಗೇಣಿಪದ್ಧತಿ ಬಹು ವ್ಯಾಪಕವಾಗಿದ್ದ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇದರ ಪರಿಣಾಮ ಆಳವಾದುದು. ಧಣಿಯ ಮನೆಗೆ ಮುಡಿ ಲೆಕ್ಕದಲ್ಲಿ ಬರುತ್ತಿದ್ದ ಗೇಣಿ ಅಕ್ಕಿ ನಿಂತಿತು. ಕಣಜ ಬರಿದಾಯಿತು. ನೂರಾರು ಮುಡಿಗಳನ್ನು ಪೇರಿಸಿಡಲೆಂದು ಕಟ್ಟಿದ ಅಟ್ಟ, ಬತ್ತ ತುಂಬುವ ಪತ್ತಾಯ, ಅಳೆಯುವ ಸೇರು, ಕಳಸೆಗಳು ಒಂದೇ ಕಾಲಕ್ಕೆ ಕೆಲಸ ಕಳೆದುಕೊಂಡವು. ಅಳತೆಯ ಮಾನಗಳ ಮಟ್ಟಿಗೆ ಈ ನಿವೃತ್ತಿ ಇನ್ನೂ ಮೊದಲೇ ಆರಂಭವಾಗಿತ್ತು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಬಳಿಕ ಮೆಟ್ರಿಕ್ ಪದ್ಧತಿ ಪೇಟೆಯ ವ್ಯವಹಾರದಿಂದ ಸೇರು ಪಾವುಗಳನ್ನು ಹೊರಗಟ್ಟಿತ್ತು.

ಉಳುವವನಿಗೆ ಭೂಮಿ ದೊರೆತುದು ನ್ಯಾಯದ ಮಾತು. ದೊಡ್ಡ ಮನೆಗಳ ಅಳಿವನ್ನು ಕುರಿತ ಬರಹಗಳಲ್ಲಿ ಕಾಣುವ ಹಳಹಳಿಕೆಯು ಈ ನ್ಯಾಯವನ್ನು ಮರೆಸಬಾರದು. ಇತಿಹಾಸದ ದೃಷ್ಟಿಯಿಂದ ಹೇಳುವುದಾದರೆ, ಇಂದು ಹಳೆ ಸಾಮಾನಿನ ಅಂಗಡಿಯಲ್ಲಿ ಕಾಣಸಿಗುವ ಪತ್ತಾಯವು ಗೇಣಿ ಸಂಬಂಧವೊಂದು ಕೊನೆಗೊಂಡುದರ ಕುರುಹು.

ಮನೆ ಬಿಚ್ಚುವ ಕ್ರಮ

ಹಳೆ ಮನೆಯ ಮಾರಾಟಕ್ಕೆ ಕರಾವಳಿಯಲ್ಲಿ ಒಂದು ರೂಢಿಯ ಕ್ರಮವಿದೆ. ಮಳೆಗಾಲ ಮುಗಿದ ಮೇಲೆ, ಮುಂದಿನ ಮಳೆ ಹಿಡಿಯುವುದರೊಳಗೆ ಕೆಲಸ ಮುಗಿಯಬೇಕು. ವ್ಯಾಪಾರಿಯು ಮನೆಯನ್ನು ನೋಡಿ ಒಟ್ಟಾರೆ ಬೆಲೆ ಕಟ್ಟುತ್ತಾನೆ. ಮೊದಲು ಹಂಚು ಇಳಿಯುತ್ತದೆ. ಅನಂತರ ರೀಪು, ಪಕ್ಕಾಸು. ಬಳಿಕ ಮುಚ್ಚಿಗೆಯ ಹಲಗೆ, ತೊಲೆ, ಬೋದಿಗೆ, ಕಂಬ. ಆಮೇಲೆ ದಾರಂದ, ಬಾಗಿಲು, ದಳಿ. ಕೊನೆಗೆ ಉಳಿಯುವುದು ಮುರಕಲ್ಲಿನ ಗೋಡೆ. ಅದರ ಕಲ್ಲುಗಳೂ ಗಟ್ಟಿಯಿದ್ದರೆ ಬೇರೆ ಕಟ್ಟಡ ಸೇರುತ್ತವೆ. ಮಣ್ಣಿನ ಗೋಡೆಯಾದರೆ ಮಣ್ಣಿಗೇ ಹಿಂದಿರುಗುತ್ತದೆ. ಮರಗೆಲಸದವರು ಉಳಿಯ ಏಟಿನಲ್ಲಿ ಸಂದು ಬಿಡಿಸಿ ಇಡಿಯಾಗಿ ತೆಗೆಯಬಲ್ಲ ಕಂಬಕ್ಕೂ, ಅವಸರದಲ್ಲಿ ಕೊಯ್ದು ತೆಗೆದ ಕಂಬಕ್ಕೂ ಬೆಲೆಯಲ್ಲಿ ಬಹಳ ಅಂತರವಿದೆ. ಕಟ್ಟುವವನ ಕೌಶಲವನ್ನು ದಾಖಲಿಸಿದ ಜಾನಪದವು ಬಿಚ್ಚುವವನ ಕೌಶಲವನ್ನೂ ಗಮನಿಸಬೇಕಾದುದು ಅಗತ್ಯ.

ಇಳಿದ ಸಾಮಗ್ರಿ ಮೂರು ದಾರಿ ಹಿಡಿಯುತ್ತದೆ. ಮುರಿದ ಕಬ್ಬಿಣ, ತೂತಾದ ತಾಮ್ರ ಹಿತ್ತಾಳೆಗಳು ಗುಜರಿ ಅಂಗಡಿಗೆ ಹೋಗಿ ತೂಕಕ್ಕೆ ಮಾರಾಟವಾಗುತ್ತವೆ. ಗಟ್ಟಿಮುಟ್ಟಾದ ಹಂಚು, ಹಲಗೆ, ಬಾಗಿಲುಗಳು ಕೊಟ್ಟಿಗೆ, ಅಂಗಡಿ, ಹೊಸ ಮನೆಗಳಿಗೆ ಹೋಗುತ್ತವೆ; ಅಲ್ಲಿ ಬೆಲೆಯನ್ನು ನಿರ್ಧರಿಸುವುದು ಅಡಿಯ ಲೆಕ್ಕ ಮತ್ತು ಬಾಳಿಕೆ. ದಶಕಗಳ ಕಾಲ ಒಣಗಿ ಪಕ್ವವಾದ ಹಲಸಿನ ಮರ ಇನ್ನು ಬಾಗುವುದಿಲ್ಲ, ಬಿರಿಯುವುದಿಲ್ಲ ಎಂಬ ನಂಬಿಕೆಯು ಅನುಭವದ ಮೇಲೆ ನಿಂತುದು. ಕೆತ್ತನೆಯುಳ್ಳ ಕಂಬ, ಪತ್ತಾಯ, ತೂಗುದೀಪ, ಉಯ್ಯಾಲೆಗಳು ಸಂಗ್ರಾಹಕರಿಗೆ, ಹೋಟೆಲು ರೆಸಾರ್ಟುಗಳಿಗೆ ಹೋಗುತ್ತವೆ. ಅಲ್ಲಿ ಬೆಲೆ ನಿರ್ಧಾರವಾಗುವುದು ಹಳಮೆಯಿಂದ. ಹೀಗೆ ಒಂದೇ ಹಂಡೆಗೆ ಮೂರು ಬೆಲೆಗಳಿವೆ: ಲೋಹದ ಬೆಲೆ, ಉಪಯೋಗದ ಬೆಲೆ, ಹಳಮೆಯ ಬೆಲೆ. ಮಾರುವವನಿಗೆ ಮೊದಲನೆಯದಷ್ಟೇ ತಿಳಿದಿದ್ದು ಕೊಳ್ಳುವವನಿಗೆ ಮೂರನೆಯದೂ ತಿಳಿದಿರುವುದರಲ್ಲಿ ವ್ಯಾಪಾರದ ಲಾಭವಿದೆ. ಹಳೆಯ ತಾಮ್ರ ಹಿತ್ತಾಳೆಯ ಪಾತ್ರೆ ಕೊಟ್ಟು ಸ್ಟೀಲು, ಅಲ್ಯುಮಿನಿಯಂ ಪಾತ್ರೆ ಪಡೆದ ಮನೆಗಳಲ್ಲಿ ಈ ತಿಳಿವಳಿಕೆಯ ಅಂತರವೇ ಕೆಲಸ ಮಾಡಿದೆ.

ಹಂಚಿನ ಮೇಲಿನ ಇಸವಿ

ಮಂಗಳೂರು ಹಂಚಿನ ಮರುಬಳಕೆಯು ಈ ವಹಿವಾಟಿನ ಸ್ವರೂಪವನ್ನು ಸ್ಪಷ್ಟಪಡಿಸುವ ಉತ್ತಮ ನಿದರ್ಶನ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿತು. ಅನಂತರ ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಗಳಲ್ಲಿ, ಅಲ್ಲಿನ ಜೇಡಿಮಣ್ಣನ್ನು ಆಧರಿಸಿ, ಸ್ಥಳೀಯರ ಒಡೆತನದ ಕಾರ್ಖಾನೆಗಳೂ ತಲೆಯೆತ್ತಿದವು. ಮುಳಿಹುಲ್ಲು ಮತ್ತು ಸೋಗೆಯ ಮಾಡನ್ನು ವರ್ಷ ವರ್ಷ ಹೊದೆಸಬೇಕಾಗಿತ್ತು. ಹಂಚಾದರೋ ಒಂದು ಮನೆಯ ಆಯುಷ್ಯವನ್ನು ಮೀರಿ ಬಾಳುವ ವಸ್ತು. ಒಂದಕ್ಕೊಂದು ಕಚ್ಚಿ ಕೂರುವ ಅದರ ರಚನೆಯಿಂದಾಗಿ ಮೊಳೆ, ಗಾರೆಗಳ ಹಂಗಿಲ್ಲದೆ ಇಳಿಸಬಹುದು, ಮತ್ತೆ ಏರಿಸಬಹುದು. ಆದುದರಿಂದ ಹುಲ್ಲಿನ ಮಾಡಿನಿಂದ ಹಂಚಿನ ಮಾಡಿಗೆ ಬರಬಯಸಿದ ಬಡ ಕುಟುಂಬಗಳಿಗೆ ಹಳೆ ಹಂಚು ಕೈಗೆಟುಕುವ ಸಾಮಗ್ರಿಯಾಯಿತು. ಆರ್‌ಸಿಸಿ ಮನೆಗಳು ಹೆಚ್ಚಾದಂತೆ ಇಳಿದ ಹಂಚಿನ ರಾಶಿಯೂ ಹೆಚ್ಚಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಗುರುತಿಸಬೇಕಾಗಿದೆ. ಬಾಸೆಲ್ ಮಿಷನ್ ಹಂಚಿನ ಒಳಮೈಯಲ್ಲಿ 1865 ಎಂಬ ಅಂಕಿ ಇರುವುದುಂಟು. ಹಳೆ ಸಾಮಾನಿನ ಪೇಟೆಯಲ್ಲಿ ಇದನ್ನು ಹಂಚು ತಯಾರಾದ ವರ್ಷವೆಂದು ಹೇಳಿ ಮಾರುವುದೂ, ನಂಬಿ ಕೊಳ್ಳುವುದೂ ನಡೆಯುತ್ತದೆ. ವಾಸ್ತವದಲ್ಲಿ ಅದು ಕಾರ್ಖಾನೆ ಸ್ಥಾಪನೆಯಾದ ವರ್ಷ. ಅನೇಕ ವರ್ಷಗಳ ಅನಂತರ ಸುಟ್ಟ ಹಂಚುಗಳಲ್ಲಿಯೂ ಅದೇ ಇಸವಿ ಮುಂದುವರಿದಿದೆ. ಪ್ರಥಮ ಮಹಾಯುದ್ಧದ ಪರಿಣಾಮವಾಗಿ ಮಿಷನ್ನಿನ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದುದರಿಂದ, ಆ ಹೆಸರಿರುವ ಹಂಚು ಯುದ್ಧಾನಂತರದ್ದೆಂದು ಹೇಳಬಹುದು. ಹಂಚಿನ ಮೇಲಿನ ಹೆಸರನ್ನು ಆಧರಿಸಿ ಮನೆಯ ಕಾಲವನ್ನು ನಿರ್ಣಯಿಸುವವರು ಇನ್ನೊಂದು ಅಂಶವನ್ನೂ ಮರೆಯಬಾರದು: ಆ ಹಂಚು ಅದೇ ಮಾಡಿಗೆ ಹೊಸದಾಗಿ ಬಂದುದೋ, ಬೇರೆ ಮಾಡಿನಿಂದ ಇಳಿದು ಬಂದುದೋ ಎಂಬುದನ್ನು ಹಂಚು ತಾನಾಗಿ ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಆ ಮನೆಯವರು ಮಾತ್ರ.

ಮಾರಬಾರದ ವಸ್ತುಗಳು

ಎಲ್ಲ ಹಳೆ ವಸ್ತುಗಳೂ ಪೇಟೆಗೆ ಬರುವಂತಿರಲಿಲ್ಲ. ಒಂದು ಮನೆಯಿಂದ ಬಿಚ್ಚಿದ ಮರವನ್ನು ಇನ್ನೊಂದು ಮನೆಗೆ ಬಳಸುವುದನ್ನು ವಾಸ್ತು ಸಂಪ್ರದಾಯವು ಸಮ್ಮತಿಸುವುದಿಲ್ಲ. ದೇವಸ್ಥಾನದ ಮರವನ್ನು ವಾಸದ ಮನೆಗೆ ಬಳಸಬಾರದೆಂಬ ನಿಷೇಧ ಇನ್ನೂ ಬಲವಾದುದು. ಭೂತಾರಾಧನೆಯ ವಸ್ತುಗಳಿಗೆ ಸಂಬಂಧಿಸಿ ನಿಯಮಗಳು ಮತ್ತಷ್ಟು ಕಟ್ಟುನಿಟ್ಟು. ಭೂತದ ಭಂಡಾರವೆಂದರೆ ಮೊಗ, ಕಡ್ಸಲೆ, ಗಂಟೆ ಮೊದಲಾದ ಪರಿಕರಗಳು ಯಾರೊಬ್ಬರ ಸ್ವತ್ತೂ ಅಲ್ಲ. ಅವು ದೈವದ ಸೊತ್ತು. ಭಂಡಾರದ ಮನೆಯವರು ಅದರ ಪಾಲಕರು ಮಾತ್ರ. ಸವೆದ ಲೋಹದ ಮೊಗವನ್ನು ಕರಗಿಸಿ ಹೊಸದಾಗಿ ಎರಕ ಹೊಯ್ಯಬಹುದು, ಮಾರುವಂತಿಲ್ಲ.

ಮರದ ಉರುಗಳ ಸ್ಥಿತಿ ಇದಕ್ಕಿಂತ ಭಿನ್ನ. ಜೀರ್ಣಗೊಂಡ ಮೂರ್ತಿಯಿಂದ ಸಾನ್ನಿಧ್ಯವನ್ನು ವಿಧಿಪೂರ್ವಕವಾಗಿ ಹೊಸ ಮೂರ್ತಿಗೆ ಒಯ್ದ ಮೇಲೆ ಹಳೆಯದು ಬರಿಯ ಮರವಾಗಿ ಉಳಿಯುತ್ತದೆ. ಅದನ್ನು ನೀರಿಗೆ ಬಿಡುವುದು ಅಥವಾ ಮಳೆ ಗಾಳಿಗೆ ಒಡ್ಡಿ ತಾನಾಗಿ ಕರಗಲು ಬಿಡುವುದು ವಾಡಿಕೆ. ವಸ್ತುವಿಗೂ ಒಂದು ಸಾವು ಇರಬೇಕು ಎಂಬ ತಿಳಿವಳಿಕೆ ಈ ವಾಡಿಕೆಯ ಹಿಂದೆ ಇದೆ. ಹಳಮೆಯ ವ್ಯಾಪಾರ ಪ್ರವೇಶಿಸಿದುದು ಈ ಸಂದಿನಲ್ಲಿಯೇ. ಬಾರಕೂರಿಗೆ ಸಮೀಪದ ಮೆಕ್ಕೆಕಟ್ಟಿನ ನಂದಿಕೇಶ್ವರ ಸನ್ನಿಧಿಯ ಮರದ ಉರುಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಹೊಸ ಉರುಗಳು ಬಂದ ಮೇಲೆ ಹಳೆಯವು ಊರು ಬಿಟ್ಟು ಹೋದವು. ಅವುಗಳಲ್ಲಿ ಹಲವನ್ನು ಇಂದು ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಊರಿನವರ ದೃಷ್ಟಿಯಲ್ಲಿ ಮುಗಿದುಹೋದ ವಸ್ತುವು ಕಲಾಭಿಜ್ಞರ ದೃಷ್ಟಿಯಲ್ಲಿ ಅಲ್ಲಿಂದಲೇ ಆರಂಭವಾಯಿತು. ಇದನ್ನು ರಕ್ಷಣೆ ಎನ್ನಬೇಕೇ, ಸಂಸ್ಕಾರಕ್ಕೆ ಬಂದ ತಡೆ ಎನ್ನಬೇಕೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಎರಡೂ ನಿಜವೆಂಬುದನ್ನು ಒಪ್ಪಿಕೊಂಡೇ ಅಧ್ಯಯನ ಮುಂದುವರಿಯಬೇಕಾಗುತ್ತದೆ.

ಕಾನೂನು ಮತ್ತು ಸಂಗ್ರಹ

1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯಿದೆಯು 1976ರ ಏಪ್ರಿಲ್ 5ರಂದು ಜಾರಿಗೆ ಬಂದಿತು. ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳನ್ನೂ, ವೈಜ್ಞಾನಿಕ, ಚಾರಿತ್ರಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ ಎಪ್ಪತ್ತೈದು ವರ್ಷಕ್ಕೆ ಕಡಿಮೆಯಿಲ್ಲದ ಹಸ್ತಪ್ರತಿಗಳನ್ನೂ ಅದು ಪುರಾತನ ವಸ್ತುಗಳೆಂದು ಪರಿಗಣಿಸುತ್ತದೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯ. ಖಾಸಗಿಯವರು ವಿದೇಶಕ್ಕೆ ಸಾಗಿಸುವುದು ನಿಷಿದ್ಧ. ಆದರೆ ಮನೆಬಳಕೆಯ ಬಹುಪಾಲು ವಸ್ತುಗಳ ವಯಸ್ಸನ್ನು ಸಾಬೀತುಪಡಿಸುವ ದಾಖಲೆಗಳಿರುವುದಿಲ್ಲ. ಎಪ್ಪತ್ತು ವರ್ಷದ ಪತ್ತಾಯಕ್ಕೆ ಈ ಕಾಯಿದೆಯ ಆಸರೆಯೂ ಇಲ್ಲ. ಕಾಯಿದೆಯ ಕಣ್ಣಿಗೆ ಬೀಳುವಷ್ಟು ಹಳೆಯದಾಗುವ ಮೊದಲೇ ಅನೇಕ ವಸ್ತುಗಳು ಮೂಲದಿಂದ ಕಳಚಿಕೊಂಡಿರುತ್ತವೆ.

ಈ ಹಿನ್ನೆಲೆಯಲ್ಲಿ ಸಂಗ್ರಾಹಕರ ಪಾತ್ರ ಗಮನಾರ್ಹವಾದುದು. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರು ಬಿಚ್ಚಿ ಮಾರಾಟಕ್ಕೆ ಹೋಗಲಿದ್ದ ಮನೆಗಳನ್ನು ಮಣಿಪಾಲಕ್ಕೆ ತಂದು ಮರುನಿರ್ಮಿಸಿದರು. ಕುಂಜೂರಿನ ಚೌಕಿಮನೆ, ಹರ್ಕೂರಿನ ಒಳಗಿನಮನೆ, ಭಟ್ಕಳದ ನವಾಯತ ಮನೆ ಮೊದಲಾದವು ಅಲ್ಲಿನ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಹೀಗೆ ಉಳಿದಿವೆ. 2017ರಲ್ಲಿ ಅವರು ನಿಧನರಾದರು. ಮನೆಯನ್ನು ಬಿಡಿಭಾಗಗಳಾಗಿ ನೋಡುವ ಪೇಟೆಯ ದೃಷ್ಟಿಗೆ ಎದುರಾಗಿ ಅದನ್ನು ಇಡಿಯಾಗಿ ನೋಡಿದುದು ಅವರ ಕಾರ್ಯದ ಹೆಚ್ಚುಗಾರಿಕೆ. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ತುಕಾರಾಮ ಪೂಜಾರಿ ಅವರು ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಮೂಲಕ ರೂಪಿಸಿದ ಸಂಗ್ರಹವು ಬೇರೊಂದು ದಾರಿಯದು. ಅರಸರ ಅಥವಾ ಸಿರಿವಂತರ ವಸ್ತುಗಳಿಗಿಂತ ತುಳುವರ ದಿನನಿತ್ಯದ ದುಡಿಮೆಯ, ಅಡುಗೆಯ ಪರಿಕರಗಳಿಗೆ ಅದು ಒತ್ತು ಕೊಟ್ಟಿದೆ.

ಪೇಟೆಗೆ ಬಾರದ ಬದುಕು

ಈ ಎರಡನೆಯ ದಾರಿಯ ಮಹತ್ವವನ್ನು ಅರಿಯಲು ಪೇಟೆಯ ಆಯ್ಕೆಯನ್ನು ನೋಡಬೇಕು. ಹಳೆ ಸಾಮಾನಿನ ಪೇಟೆಗೆ ಬರುವುದು ಮರ, ಲೋಹ, ಪಿಂಗಾಣಿ, ಗಾಜು. ಇವೆಲ್ಲ ಉಳ್ಳವರ ಮನೆಯಲ್ಲಿ ಹೆಚ್ಚಾಗಿದ್ದ ವಸ್ತುಗಳು. ಒಕ್ಕಲುಗಳ, ಕೂಲಿಗಳ ಮನೆಗಳಲ್ಲಿದ್ದುದು ಹಾಳೆಯ ಮುಟ್ಟಾಳೆ, ಓಲೆಯ ಗೊರಬೆ, ಬಿಳಲಿನ ಬುಟ್ಟಿ, ಮಣ್ಣಿನ ಮಡಕೆ, ತೆಂಗಿನ ಗೆರಟೆಯ ಸೌಟು. ಕೊರಗ ಸಮುದಾಯದವರು ಕಾಡುಬಳ್ಳಿಗಳಿಂದ ಹೆಣೆದ ಬುಟ್ಟಿಗಳಿಲ್ಲದೆ ಕರಾವಳಿಯ ಬೇಸಾಯ ನಡೆಯುತ್ತಿರಲಿಲ್ಲ. ಆದರೆ ಇವು ಯಾವುವೂ ನೂರು ವರ್ಷ ಬಾಳುವ ವಸ್ತುಗಳಲ್ಲ. ಬಾಳದ ವಸ್ತುವಿಗೆ ಎರಡನೆಯ ಮಾರಾಟವಿಲ್ಲ, ಹಳಮೆಯ ಬೆಲೆಯಿಲ್ಲ. ಹೀಗಾಗಿ ಪೇಟೆಯನ್ನೇ ನೆಚ್ಚಿಕೊಂಡು ಕಟ್ಟಿದ ಸಂಗ್ರಹದಲ್ಲಿ ಅಕ್ಕಿ ತುಂಬಿಟ್ಟವರ ಪತ್ತಾಯ ಸಿಗುತ್ತದೆ. ಅಕ್ಕಿ ಬೆಳೆದವರ ಬುಟ್ಟಿ ಸಿಗುವುದಿಲ್ಲ. ಪೇಟೆಯು ಓರೆಯಾದ ಆಕರ ಎಂಬ ಮಾತಿನ ಅರ್ಥ ಇದು.

ಇನ್ನೊಂದು ನಷ್ಟ ಹೆಸರಿನದು. ಮನೆಯಲ್ಲಿ ಪ್ರತಿಯೊಂದು ಪಾತ್ರೆಗೂ ಅಳತೆ, ಆಕಾರ, ಕೆಲಸಗಳನ್ನು ಅನುಸರಿಸಿ ಬೇರೆ ಬೇರೆ ಹೆಸರಿತ್ತು. ತುಳು, ಕುಂದಗನ್ನಡ, ಕೊಂಕಣಿ, ಬ್ಯಾರಿ ಮಾತುಗಳಲ್ಲಿ ಆ ಹೆಸರುಗಳು ಬೇರೆಯಾಗುತ್ತಿದ್ದವು. ಅಂಗಡಿಯಲ್ಲಿ ಅವೆಲ್ಲ ‘ಆಂಟಿಕ್’ ಎಂಬ ಒಂದೇ ಪದದೊಳಗೆ ಸೇರಿಹೋಗುತ್ತವೆ. ಬತ್ತ ಅಳೆದ ಸೇರು ಮೇಜಿನ ಮೇಲೆ ಪೆನ್ನು ಹಿಡಿಯುವ ಡಬ್ಬಿಯಾಗುತ್ತದೆ. ವಸ್ತು ಉಳಿಯಿತು, ಮಾತು ಹೋಯಿತು.

ಆದುದರಿಂದ ಸಂಗ್ರಹಾಲಯಗಳೂ ಸಂಶೋಧಕರೂ ಹಳೆ ವಸ್ತುವನ್ನು ಕೊಳ್ಳುವಾಗ ಕನಿಷ್ಠ ನಾಲ್ಕು ವಿವರಗಳನ್ನು ಬರೆದಿಡುವುದು ಅವಶ್ಯ: ಮನೆಮಾತಿನಲ್ಲಿ ಅದರ ಹೆಸರು, ಅದು ಇದ್ದ ಊರು ಮತ್ತು ಮನೆಯೊಳಗೆ ಅದರ ಜಾಗ, ಅದನ್ನು ಬಳಸುತ್ತಿದ್ದವರು, ಅದು ಮನೆ ಬಿಟ್ಟ ಕಾರಣ. ಮೊದಲ ಮೂರನ್ನು ಕ್ಷೇತ್ರಕಾರ್ಯದ ಪದ್ಧತಿ ಈಗಾಗಲೇ ಕೇಳುತ್ತದೆ. ನಾಲ್ಕನೆಯದು ಸೇರಿದಾಗ ಮಾತ್ರ ವಸ್ತುವಿನ ವಿವರ ಇತಿಹಾಸವಾಗುತ್ತದೆ. ಮನೆ ಬಿಚ್ಚುವ ಕೆಲಸದವರನ್ನು, ಗುಜರಿ ವ್ಯಾಪಾರಿಗಳನ್ನು ವಕ್ತೃಗಳಾಗಿ ಪರಿಗಣಿಸುವುದೂ ಇಷ್ಟೇ ಅಗತ್ಯ. ಯಾವ ಮನೆಯಿಂದ ಏನು ಹೊರಟಿತು, ಎಲ್ಲಿಗೆ ಹೋಯಿತು ಎಂಬುದು ಅವರ ನೆನಪಿನಲ್ಲಿದೆ, ಬೇರಾವ ಕಡತದಲ್ಲಿಯೂ ಇಲ್ಲ. 1974ರ ಆಸುಪಾಸಿನಲ್ಲಿ ಈ ವಸ್ತುಗಳನ್ನು ಬಳಸಿ ಬಲ್ಲವರು ಈಗ ಇಳಿವಯಸ್ಸಿನಲ್ಲಿದ್ದಾರೆ. ವಸ್ತುಗಳು ಇನ್ನೂ ಕೆಲಕಾಲ ಕೈಯಿಂದ ಕೈಗೆ ಸಾಗುತ್ತಲೇ ಇರುತ್ತವೆ. ಅವುಗಳ ಹೆಸರು ಹೇಳಬಲ್ಲವರ ಕಾಲ ಮಾತ್ರ ಮುಗಿಯುತ್ತಾ ಬಂದಿದೆ.