ರಾಷ್ಟ್ರಪತಿಯ ಎರಡು ಗುಟ್ಟು

1/3
1981ರ ಮೇ ತಿಂಗಳಲ್ಲಿ ಫ್ರಾನ್ಸ್ವಾ ಮಿತೆರಾಂ ಫ್ರಾನ್ಸಿನ ರಾಷ್ಟ್ರಪತಿಯಾಗಿ ಗೆದ್ರು. ತಮ್ಮ ಆರೋಗ್ಯದ ವರದಿಯನ್ನ ಆರು ತಿಂಗಳಿಗೊಮ್ಮೆ ಪ್ರಕಟಿಸ್ತೀನಿ ಅಂತ ಜನಕ್ಕೆ ಮಾತು ಕೊಟ್ಟಿದ್ರು. ಕಾರಣ ಇತ್ತು. 1974ರಲ್ಲಿ ಪಾಂಪಿಡು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡಿದ್ರು. ಕಾಯಿಲೆ ಎಷ್ಟು ಗಂಭೀರ ಅಂತ ಜನಕ್ಕೆ ಯಾರೂ ಹೇಳಿರಲಿಲ್ಲ.

ಗೆದ್ದ ವರ್ಷವೇ ನವೆಂಬರ್‌ನಲ್ಲಿ ಮಿತೆರಾಂಗೆ ಪ್ರಾಸ್ಟೇಟ್ ಕ್ಯಾನ್ಸರ್ ಇರೋದು ಗೊತ್ತಾಯ್ತು. ಆಗಲೇ ಮೂಳೆಗೂ ಹರಡಿತ್ತು. ವರದಿಗಳು ಮಾತ್ರ ಹೇಳಿದ ಹಾಗೇ ಬರ್ತಾ ಇದ್ವು, ಕ್ಯಾನ್ಸರ್ ಅನ್ನೋ ಪದ ಒಂದನ್ನ ಬಿಟ್ಟು. ಕೆಳಗೆ ಸಹಿ ಅವರ ಖಾಸಗಿ ವೈದ್ಯ ಕ್ಲೋದ್ ಗುಬ್ಲೇರ್ ಅವರದ್ದು. (ಆಡಿಟಿಂಗ್ ಪೇಪರ್ ಓದ್ತಿರೋ ನನಗೆ ಇಲ್ಲಿ ಮೈ ಉರಿಯುತ್ತೆ. ಲೆಕ್ಕ ಸರಿಯಿಲ್ಲ ಅಂತ ಗೊತ್ತಿದ್ದೂ ಸಹಿ ಹಾಕೋ ಆಡಿಟರ್‌ಗೂ ಇವರಿಗೂ ಏನು ವ್ಯತ್ಯಾಸ?) 1988ರಲ್ಲಿ ಜನ ಅವರನ್ನ ಮತ್ತೆ ಗೆಲ್ಲಿಸಿದ್ರು, ಇದ್ಯಾವುದೂ ಗೊತ್ತಿಲ್ಲದೆ. ವಿಷಯ ಹೊರಗೆ ಬಂದಿದ್ದು 1992ರಲ್ಲಿ, ಆಪರೇಷನ್ ಆದಾಗ.

2/3
ಇನ್ನೊಂದು ಗುಟ್ಟು ಮಗಳು ಮಜಾರೀನ್. ಮದುವೆಯ ಹೊರಗೆ ಹುಟ್ಟಿದವಳು. ಬಹಳಷ್ಟು ಪತ್ರಕರ್ತರಿಗೆ ಗೊತ್ತಿತ್ತು, ಆದ್ರೂ ಬರೀಲಿಲ್ಲ. ಒಂದು ಸಂಪ್ರದಾಯ, ಇನ್ನೊಂದು ಕಾನೂನು: ಪ್ರತಿಯೊಬ್ಬರಿಗೂ ಖಾಸಗಿ ಬದುಕಿನ ಗೌರವ ಸಿಗಬೇಕು ಅಂತ 1970ರಲ್ಲೇ ಸಿವಿಲ್ ಕೋಡ್‌ನ 9ನೇ ವಿಧಿಗೆ ಸೇರಿಸಿದ್ರು. ರಾಜಕಾರಣಿಯೂ ಆ 'ಪ್ರತಿಯೊಬ್ಬರಲ್ಲಿ' ಬರ್ತಾನೆ. 1994ರ ನವೆಂಬರ್‌ನಲ್ಲಿ ಪಾರಿ ಮ್ಯಾಚ್ ಪತ್ರಿಕೆ ಅಪ್ಪ ಮಗಳ ಫೋಟೋ ಹಾಕಿದಾಗ ಪತ್ರಕರ್ತರೇ ಪತ್ರಿಕೆಯನ್ನ ಬೈದ್ರು.

ನನ್ನ ಪ್ರಕಾರ ಮಗಳ ವಿಷಯ ನಿಜವಾಗಿಯೂ ಮನೆಯ ವಿಷಯ. ಆ ಹುಡುಗಿ ಯಾರ ವೋಟೂ ಕೇಳಿರಲಿಲ್ಲ. ಆದ್ರೆ ಅದನ್ನ ಕಾಪಾಡಿದ ರೀತಿ ನೋಡಿ: ರಾಷ್ಟ್ರಪತಿ ಭವನದಲ್ಲಿದ್ದ ಒಂದು ಭದ್ರತಾ ತಂಡ ಲೇಖಕ ಜಾಂ-ಎದೆರ್ನ್ ಅಲಿಯೇ ಅವರ ಫೋನ್ ಕದ್ದು ಕೇಳ್ತಿತ್ತು, ಯಾಕಂದ್ರೆ ಅವರು ಮಗಳ ಬಗ್ಗೆ ಬರೀತೀನಿ ಅಂತ ಹೆದರಿಸ್ತಿದ್ರು. ಪತ್ರಕರ್ತ ಎದ್ವಿ ಪ್ಲೆನೆಲ್ ಅವರ ಫೋನೂ ಬಿಡಲಿಲ್ಲ. ತನ್ನ ಖಾಸಗಿತನಕ್ಕೋಸ್ಕರ ಬೇರೆಯವರ ಖಾಸಗಿತನ ಕದಿಯೋದು, ಅದೂ ಸರ್ಕಾರದ ದುಡ್ಡಲ್ಲಿ! ಅಲ್ಲಿಗೆ ಅದು ಮನೆಯ ವಿಷಯ ಆಗಿ ಉಳೀಲಿಲ್ಲ.

3/3
1996 ಜನವರಿ 8ಕ್ಕೆ ಮಿತೆರಾಂ ತೀರಿಕೊಂಡ್ರು. ಹತ್ತು ದಿನವೂ ಆಗಿಲ್ಲ, ಅದೇ ಗುಬ್ಲೇರ್ ಅವರ ಪುಸ್ತಕ 'ಲೆ ಗ್ರಾಂ ಸೆಕ್ರೆ' ಅಂಗಡಿಗೆ ಬಂತು. ಹನ್ನೊಂದು ವರ್ಷ ಮುಚ್ಚಿಟ್ಟಿದ್ದನ್ನೆಲ್ಲ ಬರೆದಿದ್ರು. ಕುಟುಂಬ ಕೋರ್ಟಿಗೆ ಹೋಯ್ತು, ಮರುದಿನವೇ ತಡೆಯಾಜ್ಞೆ. ಅಷ್ಟರಲ್ಲಿ ಸುಮಾರು 40,000 ಪ್ರತಿ ಖರ್ಚಾಗಿತ್ತು. ಬೆಸಾಂಸೋಂ ಊರಿನ ಒಂದು ಸೈಬರ್ ಕೆಫೆಯವರು ಇಡೀ ಪುಸ್ತಕ ಸ್ಕ್ಯಾನ್ ಮಾಡಿ ಇಂಟರ್ನೆಟ್‌ಗೆ ಹಾಕಿದ್ರು. 1996ರಲ್ಲಿ!

ವೈದ್ಯಕೀಯ ಗೌಪ್ಯತೆ ಮುರಿದಿದ್ದಕ್ಕೆ ಗುಬ್ಲೇರ್‌ಗೆ ಶಿಕ್ಷೆ ಆಯ್ತು. ಅಂದ್ರೆ ಮುಚ್ಚಿಟ್ಟ ವರದಿಗೆ ಸಹಿ ಹಾಕಿದ್ದಕ್ಕಲ್ಲ, ಸತ್ಯ ಹೇಳಿದ್ದಕ್ಕೆ. ಪುಸ್ತಕದ ನಿಷೇಧವನ್ನೂ ಅಕ್ಟೋಬರ್‌ನಲ್ಲಿ ಕೋರ್ಟ್ ಕಾಯಂ ಮಾಡಿತು.

ಪ್ರಕಾಶಕರಾದ ಪ್ಲಾಂ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕು ನ್ಯಾಯಾಲಯದ ತನಕ ಹೋದ್ರು. 2004ರ ತೀರ್ಪು ನನಗೆ ಇಷ್ಟ ಆಗೋದು ಅದು ದಿನ ಲೆಕ್ಕ ಹಾಕಿದ್ದಕ್ಕೆ. ಜನವರಿಯಲ್ಲಿ ಮನೆಯವರ ದುಃಖ ಇನ್ನೂ ಹಸಿ, ಆಗಿನ ತಾತ್ಕಾಲಿಕ ತಡೆ ಸರಿ. ಒಂಬತ್ತು ತಿಂಗಳಾದ ಮೇಲೆ, ವಿಷಯ ಎಲ್ಲರಿಗೂ ಗೊತ್ತಾದ ಮೇಲೂ ನಿಷೇಧ ಮುಂದುವರಿಸಿದ್ದು ತಪ್ಪು, ಅದು ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ. ದೇಶ ಆಳೋನಿಗೆ ಗಂಭೀರ ಕಾಯಿಲೆ ಇದ್ರೆ ಅದು ಜನ ಚರ್ಚೆ ಮಾಡಬೇಕಾದ ವಿಷಯ ಅಂತಲೂ ಕೋರ್ಟ್ ಒಪ್ಪಿತು.

ಪುಸ್ತಕ 2005ರಲ್ಲಿ ಮತ್ತೆ ಅಚ್ಚಾಯ್ತು. ಫೋನ್ ಕದ್ದಾಲಿಕೆ ಕೇಸ್‌ನಲ್ಲಿ ಮಿತೆರಾಂ ಅವರ ಸಹಾಯಕರು ತಪ್ಪಿತಸ್ಥರು ಅಂತ ತೀರ್ಪು ಬಂದಿದ್ದೂ ಅದೇ ವರ್ಷ.