ನಂದಿದುರ್ಗದ ಹಸಿರಿಗೆ ಕಾವಲು ಯಾರು?

ಕೋಲಾರ ಚಿನ್ನದ ಗಣಿಯ ನಂದಿದುರ್ಗ ಎಂದರೆ ಚಿಕ್ಕಬಳ್ಳಾಪುರದ ಕಡೆಯ ಗಿರಿಧಾಮವಲ್ಲ. ಆ ಬೆಟ್ಟದ ಹೆಸರು ಹೊತ್ತು 1880ರ ದಶಕದಲ್ಲಿ ಶುರುವಾದ ಗಣಿ, ಮತ್ತು ಅದರ ಸುತ್ತ ಕಟ್ಟಿಕೊಂಡ ವಸತಿ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ ಮೇಲೆ ಇಲ್ಲಿನ ಖಾಲಿ ನೆಲದಲ್ಲಿ ಜಾಲಿ, ಹೊಂಗೆ, ನೀಲಗಿರಿ ಎದ್ದಿವೆ. ಅತ್ತ ಬಂಗಾರಪೇಟೆ, ಬೇತಮಂಗಲದ ಕಡೆಗೆ ಕೆರೆ ಏರಿಗಳು, ಕಾಲುವೆ ದಡಗಳು. ಬೆಳಗಿನ ಓಟಕ್ಕೆ, ನಡಿಗೆಗೆ ಇದಕ್ಕಿಂತ ಒಳ್ಳೆಯ ಬಯಲು ಸಿಗದು ಎಂದು ಯಾರಿಗಾದರೂ ಅನಿಸುತ್ತದೆ. ಗಣಿ ಹೋಯಿತು, ಪ್ರಕೃತಿ ಮರಳಿತು ಎಂಬ ಮಾತೂ ಅದರ ಹಿಂದೆಯೇ ಬರುತ್ತದೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಈ ಸೀಮೆಯಲ್ಲಿ ಹಸಿರಾಗಲಿ ನೀರಾಗಲಿ ತಾನಾಗಿ ಮರಳಿದ ಉದಾಹರಣೆ ಇತಿಹಾಸದಲ್ಲಿ ಕಾಣುವುದಿಲ್ಲ. ಕೈಯಿಟ್ಟು ಕಾಪಾಡಿದಾಗ ಉಳಿದಿದೆ, ಕೈಬಿಟ್ಟಾಗ ಕೆಟ್ಟಿದೆ. ಓಡುವ ದಾರಿಯನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದೂ ಇದರಿಂದಲೇ ತೀರ್ಮಾನವಾಗಬೇಕು.

ಹಳೆಯದರಿಂದ ಶುರು ಮಾಡೋಣ. ಬೇತಮಂಗಲದ ಪ್ರಾಚೀನ ಹೆಸರು ವಿಜಯಾದಿತ್ಯಮಂಗಲ. ಪಾಲಾರ್ ನದಿಗೆ ಅಡ್ಡಲಾಗಿ ನಿಂತ ಅಲ್ಲಿನ ಕೆರೆ ಒಡೆದಾಗ 10ನೇ ಶತಮಾನದಲ್ಲಿ ನೊಳಂಬ ದೊರೆ ಅದನ್ನು ದುರಸ್ತಿ ಮಾಡಿಸಿದ್ದು ಶಾಸನದಿಂದ ತಿಳಿಯುತ್ತದೆ. ಕಟ್ಟಿಸಿದ್ದಷ್ಟೇ ಅಲ್ಲ, ದುರಸ್ತಿ ಮಾಡಿಸಿದ್ದೂ ಕಲ್ಲಿನಲ್ಲಿ ಬರೆಸಬೇಕಾದ ಪುಣ್ಯಕಾರ್ಯವಾಗಿತ್ತು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ನಾಡಿನ ಎಷ್ಟೋ ಶಾಸನಗಳಲ್ಲಿ ಕಟ್ಟುಕೊಡಗೆಯ ಪ್ರಸ್ತಾಪವಿದೆ: ಕೆರೆ ನೋಡಿಕೊಳ್ಳುವವನಿಗೆ ಭೂಮಿ, ಹೂಳು ತೆಗೆಯುವ ಬಂಡಿಗೆ ಖರ್ಚು. ಕೋಲಾರ ಸೀಮೆಯಲ್ಲಿ ತೂಬು ತೆರೆದು ಮುಚ್ಚಿ, ಅಚ್ಚುಕಟ್ಟಿನ ಸರದಿ ನೋಡಿಕೊಳ್ಳಲು ನೀರುಗಂಟಿ ಇದ್ದ. ಒಂದು ಕೆರೆ ಕೋಡಿ ಬಿದ್ದರೆ ರಾಜಕಾಲುವೆಯ ಮೂಲಕ ಮುಂದಿನ ಕೆರೆಗೆ ನೀರು; ಹೀಗೆ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳ ಸರಪಣಿ. ಏರಿಯ ಮೇಲಿನ ಕಾಲುದಾರಿಯೂ ಈ ಕೆಲಸದ್ದೇ ಭಾಗ. ಜನ ನಡೆದಾಡಿದಷ್ಟೂ ಏರಿಯ ಬಿರುಕು, ಇಲಿಬಿಲ, ಮರದ ಬೇರು ಕಣ್ಣಿಗೆ ಬೀಳುತ್ತಿತ್ತು. ಹೊಸ ಕಟ್ಟೆ ಕಟ್ಟುವುದಂತೂ ಈಚೆಗೆ ಸುಲಭವಿರಲಿಲ್ಲ: 1892ರ ಮೈಸೂರು–ಮದ್ರಾಸ್ ಒಪ್ಪಂದದ ಪಟ್ಟಿಯಲ್ಲಿ ಪಾಲಾರ್ ಇದ್ದುದರಿಂದ ಹೊಸ ಜಲಾಶಯಕ್ಕೆ ಮದ್ರಾಸಿನ ಸಮ್ಮತಿ ಬೇಕಿತ್ತು. ಇದ್ದುದನ್ನು ಕಾಪಾಡಿಕೊಳ್ಳುವುದೇ ದಾರಿಯಾಗಿತ್ತು. ಗಣಿಯ ಊರಿಗೆ ಕುಡಿಯುವ ನೀರು ಕೊಟ್ಟದ್ದೂ ಕೊನೆಗೆ ಇದೇ ಬೇತಮಂಗಲದ ಕೆರೆ.

ಗಣಿ ಬಂದ ಮೇಲೆ ನೆಲದ ಲೆಕ್ಕ ಬದಲಾಯಿತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಉಗಿಯಂತ್ರಗಳ ಒಲೆಗೆ ಕಟ್ಟಿಗೆ ಬೇಕು, ಸುರಂಗದ ಚಾವಣಿಗೆ ಆಸರೆಯಾಗಿ ಮರ ಬೇಕು. ಕಲ್ಲಿದ್ದಲನ್ನು ದೂರದಿಂದ ತರಿಸುವುದು ದುಬಾರಿ. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ರೈಲು ಹಳಿ ಬಂತು. 1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯ ಮೇಲೆ ಹರಿದು ಬಂತು. ಈ ಸಾಧನೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕು ಕೂಡ. ಆದರೆ ಅದೇ ಕಾಲದಲ್ಲಿ ಇನ್ನೊಂದು ಗುಡ್ಡ ಬೆಳೆಯುತ್ತಿತ್ತು. ಅದುರನ್ನು ಹಿಟ್ಟಿನಂತೆ ಅರೆದು, ಸಯನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಬೂದುಬಣ್ಣದ ಪುಡಿಯನ್ನು ಗಣಿಯ ಪಕ್ಕದಲ್ಲೇ ಸುರಿಯಲಾಯಿತು. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಹೊರಹೋಯಿತು. ಊರಿಗೆ ಉಳಿದದ್ದು 3 ಕೋಟಿ ಟನ್ನಿಗೂ ಮಿಕ್ಕಿದ ಪುಡಿ. ಜನ ಅದನ್ನು ಸಯನೈಡ್ ಗುಡ್ಡ ಎನ್ನುತ್ತಾರೆ, ಸಿನಿಮಾದವರು ಬಂದು ಹಾಡು ಚಿತ್ರಿಸಿಕೊಂಡು ಹೋಗಿದ್ದಾರೆ. ಗಾಳಿಗಾಲದಲ್ಲಿ ಆ ಪುಡಿ ಮನೆಯೊಳಗಿನ ತಟ್ಟೆಯ ಮೇಲೂ ಕೂರುತ್ತದೆ.

ಓಡುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಬಿಸಿಲು ಗಾಳಿಗೆ ತೆರೆದುಕೊಂಡ ಸಯನೈಡ್ ಬಹುಮಟ್ಟಿಗೆ ಒಡೆದು ಹೋಗುತ್ತದೆ. ಆದರೆ ಕಲ್ಲಿನ ಸಿಲಿಕಾ ಎಲ್ಲಿಗೂ ಹೋಗುವುದಿಲ್ಲ. ನೆಲದಡಿ ಕೊರೆಯುವಾಗ ಎದ್ದ ಇದೇ ಜಾತಿಯ ದೂಳು ಗಣಿ ಕಾರ್ಮಿಕರ ಶ್ವಾಸಕೋಶವನ್ನು ಗಟ್ಟಿಗೊಳಿಸಿ ಕೊಂದಿತು. 1940ರ ದಶಕದಲ್ಲಿ ಸಾವಿರಾರು ಕಾರ್ಮಿಕರನ್ನು ಪರೀಕ್ಷಿಸಿದಾಗ ಸಿಲಿಕೋಸಿಸ್ ಎಷ್ಟು ವ್ಯಾಪಕವೆಂದು ದಾಖಲಾಯಿತು. ಭಾರತದ ಔದ್ಯೋಗಿಕ ಆರೋಗ್ಯದ ಚರ್ಚೆಯಲ್ಲಿ ಕೋಲಾರದ ಹೆಸರು ಇಂದಿಗೂ ಬರುವುದು ಅದರಿಂದ. ಬಯಲಿನ ದೂಳು ಸುರಂಗದ ದೂಳಿನಷ್ಟು ದಟ್ಟವಲ್ಲ, ನಿಜ. ಆದರೆ ಓಡುವವನು ಕುಳಿತವನಿಗಿಂತ ಹಲವು ಪಟ್ಟು ಗಾಳಿಯನ್ನು ಬಾಯಿ ತೆರೆದು ಎಳೆದುಕೊಳ್ಳುತ್ತಾನೆ. ಗುಡ್ಡದ ಮೇಲಿನ ಹುಲ್ಲಿನ ತೆಳು ಹೊದಿಕೆಯನ್ನು ಕಾಲಿನಿಂದ ಸವೆಸಿದರೆ ಅಡಗಿದ್ದ ಪುಡಿ ಮತ್ತೆ ಏಳುತ್ತದೆ. ಆದ್ದರಿಂದ ಆ ಗುಡ್ಡಗಳ ಮೇಲೆ ಎಷ್ಟೇ ಚೆಂದದ ನೋಟವಿದ್ದರೂ ಓಟದ ದಾರಿ ಬೇಡ.

ಪ್ರಕೃತಿಗೆ ಬಿಟ್ಟರೆ ಅದೇ ಸರಿಮಾಡಿಕೊಳ್ಳುತ್ತದೆ ಎನ್ನುವವರಿದ್ದಾರೆ. ಕಾಡು ಅಂಚಿನಲ್ಲೇ ಉಳಿದಿರುವ ಮಲೆನಾಡಿನಲ್ಲಿ ಅದು ನಡೆಯಬಹುದು. ಇಲ್ಲಿ ಮೇಲ್ಮಣ್ಣೇ ಇಲ್ಲದ ಪುಡಿ, ಕಡಿಮೆ ಮಳೆ, ಬೀಜ ಬರಬೇಕಾದ ಕಾಡು ದೂರ. ಹಾಗೆ ಬಿಟ್ಟ ಕಡೆ ಬಂದದ್ದು ಹೆಚ್ಚಾಗಿ ಬಳ್ಳಾರಿ ಜಾಲಿ. ನೆಟ್ಟು ಬೆಳೆಸಿದ ಹಸಿರೂ ಎಲ್ಲ ಒಂದೇ ಅಲ್ಲ. ನಂದಿ ಬೆಟ್ಟದಲ್ಲಿ ಟಿಪ್ಪುವಿನ ಕಾಲಕ್ಕೆ ನೆಟ್ಟವೆಂದು ಹೇಳುವ ನೀಲಗಿರಿಯ ಸಂತತಿ ಮುಂದೆ ಮೈಸೂರು ನೀಲಗಿರಿಯಾಗಿ ದೇಶವೆಲ್ಲ ಹಬ್ಬಿತು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ರಾಗಿ ಹೊಲಗಳನ್ನೂ ಹೊಕ್ಕಿತು. 1981ರಷ್ಟು ಹಿಂದೆಯೇ ಅದರ ಪರಿಣಾಮದ ಬಗ್ಗೆ ಜಿಲ್ಲೆಯಲ್ಲಿ ಅಧ್ಯಯನ ನಡೆದು ಎಚ್ಚರಿಕೆ ಹೊರಬಂತು; ಹೊಸದಾಗಿ ನೆಡುವುದನ್ನು ರಾಜ್ಯ ನಿಲ್ಲಿಸಿದ್ದು 2017ರಲ್ಲಿ. ಉಪಗ್ರಹದ ಚಿತ್ರದಲ್ಲಿ ಈ ಎಲ್ಲವೂ ಹಸಿರೇ. ನೆರಳು, ಮೇವು, ನೆಲದ ತೇವ ಎಂದು ಕೇಳಿದಾಗ ಉತ್ತರ ಬೇರೆಯಾಗುತ್ತದೆ.

ಇನ್ನೂ ಗಟ್ಟಿಯಾದ ಆಕ್ಷೇಪ ಉದ್ಯೋಗದ್ದು. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ 1,003 ಎಕರೆಯಷ್ಟು ಹರಡಿದ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಬೆಳಗಾಗುವ ಮೊದಲೇ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ ನಿಲ್ದಾಣಗಳಿಂದ ಬೆಂಗಳೂರಿಗೆ ದುಡಿಯಲು ಹೋಗುವ ಸಾವಿರಾರು ಜನರ ಊರಿನಲ್ಲಿ ಮರದ ನೆರಳನ್ನು ಕೆಲಸಕ್ಕೆ ಎದುರು ನಿಲ್ಲಿಸುವುದು ಅನ್ಯಾಯ. ನಾನು ಹಾಗೆ ನಿಲ್ಲಿಸುತ್ತಿಲ್ಲ. ಗುಡ್ಡ ಅಗೆಯಬಹುದು. ಅಗೆದ ಮೇಲೆ ಉಳಿಯುವ ಪುಡಿಗೆ ಮಣ್ಣು ಹೊದಿಸುವವರು ಯಾರು, ಎಷ್ಟು ವರ್ಷ ನೀರುಣಿಸುವವರು ಯಾರು ಎಂಬುದು ಗುತ್ತಿಗೆಯ ಕರಾರಿನಲ್ಲೇ ಇರಬೇಕು, ಅದಕ್ಕೆ ಹಣ ಮೊದಲೇ ಕಟ್ಟಿಸಿಕೊಳ್ಳಬೇಕು. ಕಾಲುವೆಗಳಿಗೂ ಇದೇ ಮಾತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ಬತ್ತಿದ ರಾಜಕಾಲುವೆಗಳಿಗೆ ಜೀವ ಬಂದದ್ದು ಸುಳ್ಳಲ್ಲ. ಕೆಲವೇ ದಿನಗಳಲ್ಲಿ ನೊರೆ ಎದ್ದದ್ದು, ಎರಡನೇ ಹಂತದವರೆಗಷ್ಟೇ ಶುದ್ಧಿಯಾದ ಬೆಂಗಳೂರಿನ ಕೊಳಚೆ ನೀರು ಸಾಕೇ ಎಂಬ ಪ್ರಶ್ನೆ ನ್ಯಾಯಾಲಯದವರೆಗೆ ಹೋದದ್ದೂ ಸುಳ್ಳಲ್ಲ. ನೀರು ಬಂತೆಂದು ನೀರುಗಂಟಿಯ ಕೆಲಸ ಮುಗಿಯುವುದಿಲ್ಲ. ಈಗ ಅವನು ನೀರಿನ ಗುಣವನ್ನೂ ನೋಡಬೇಕಾಗಿದೆ.

ಓಟವೆಂದರೆ ಬಿಡುವಿರುವವರ ಖಯಾಲಿ, ಅದಕ್ಕೇಕೆ ಇಷ್ಟು ಚರ್ಚೆ ಎಂಬ ಮಾತೊಂದು ಉಳಿದಿದೆ. ಈ ಊರಿನಲ್ಲಿ ನಡೆದಾಡುವ ಹಕ್ಕು ಯಾವತ್ತೂ ಸಣ್ಣ ವಿಷಯವಾಗಿರಲಿಲ್ಲ. ಚಿನ್ನ ಕಳವಿನ ಹೆಸರಿನಲ್ಲಿ ಕಂಪನಿ ಬೇಲಿ ಹಾಕಿತು, ಕಾವಲಿಟ್ಟಿತು, ದೇಹ ತಪಾಸಣೆ ಮಾಡಿತು. 1930ರಲ್ಲಿ ಬೆರಳಚ್ಚು ಕೊಡಬೇಕೆಂಬ ನಿಯಮದ ವಿರುದ್ಧ ಕಾರ್ಮಿಕರು ಮುಷ್ಕರ ಹೂಡಿ ದಿನಗಟ್ಟಲೆ ಗಣಿ ನಿಲ್ಲಿಸಿದರು. ಲೈನು ಎನ್ನುವ ಸಾಲುಮನೆಗಳಿಂದ ಗಣಿಯ ಶಾಫ್ಟ್‌ವರೆಗೆ ಪಾಳಿ ಪಾಳಿಗೂ ನಡೆದು ನಡೆದು ಅವರ ಪಾದಗಳೇ ಸವೆಸಿದ ದಾರಿಗಳು ಇವತ್ತೂ ಇವೆ. ಪೊಲೀಸ್ ನೇಮಕಾತಿಯ 1600 ಮೀಟರ್ ಓಟಕ್ಕೆ ತಯಾರಾಗುವ ಮೊಮ್ಮಕ್ಕಳಿಗೂ, ಸಕ್ಕರೆ ಕಾಯಿಲೆಗೆ ನಡಿಗೆ ಬರೆಸಿಕೊಂಡ ಅಜ್ಜಿಯರಿಗೂ ಅವು ಬೇಕು. ಹಳ್ಳಿಯ ಕಾಲುದಾರಿ, ಬಂಡಿದಾರಿಗಳಿಗೆ ಗ್ರಾಮ ನಕ್ಷೆಯಲ್ಲಿ ಗೆರೆಯಿದೆ, ಯಾರೂ ಉತ್ತು ಮುಚ್ಚುವಂತಿಲ್ಲ. ಗಣಿ ಗುತ್ತಿಗೆಯೊಳಗಿನ ದಾರಿ ಮಾತ್ರ ಕಂಪನಿಯದ್ದಾಗಿತ್ತು. ಸುಮಾರು 12,000 ಎಕರೆಯ ಆ ಜಮೀನಿನ ಭವಿಷ್ಯ ಚರ್ಚೆಯಲ್ಲಿರುವ ಈ ಹೊತ್ತಿನಲ್ಲೇ, ಕೈಗಾರಿಕೆಗೆ ಹಂಚುವ ಮುನ್ನ, ಗುಡ್ಡಗಳಿಂದ ದೂರವಿರುವ ಈ ಹಳೆಯ ಪಾಳಿ ದಾರಿಗಳನ್ನೂ ಅವುಗಳನ್ನು ಕೆರೆ ಏರಿಗಳಿಗೆ ಕೂಡಿಸುವ ಕಾಲುವೆ ದಡಗಳನ್ನೂ ಅಳೆಸಿ, ಸಾರ್ವಜನಿಕ ದಾರಿಯೆಂದು ಕಂದಾಯ ದಾಖಲೆಗೆ ಸೇರಿಸಬೇಕು, ನಿರ್ವಹಣೆಗೆ ನಗರಸಭೆ ಮತ್ತು ಪಂಚಾಯಿತಿಗಳ ಬಜೆಟ್ಟಿನಲ್ಲಿ ಪ್ರತಿ ವರ್ಷ ಹಣವಿಡಬೇಕು.